ಮೇಷ್ಟ್ರ ಹಸಿರು ರ‍್ಯಾಲಿ ಸೈಕಲ್ ಎಷ್ಟು ಬಾಳುತ್ತೆ? ಸರಸ್ವತಿಪುರಂನ ಒಂದು ಪ್ರಕರಣ

ದಸರಾ ಮುಗಿದ ಮಾರನೇ ವಾರ ಮೈಸೂರಿನ ಸರಸ್ವತಿಪುರಂನಿಂದ ಒಂದು ಫೋನ್ ಬಂತು. ಮಾಡಿದವರು ರಿಟೈರ್ ಆದ ಹೈಸ್ಕೂಲ್ ಟೀಚರು. ಅವರ ಯಜಮಾನರು ಅಮೆರಿಕದಲ್ಲಿದ್ದು ಬಂದು ಮಾನಸಗಂಗೋತ್ರಿಯಲ್ಲಿ ಪಾಠ ಮಾಡುತ್ತಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯನ್ನು ಬಿಲ್ಡರಿಗೆ ಕೊಟ್ಟಾಗಿದೆ, ಡಿಸೆಂಬರ್ ಒಳಗೆ ಖಾಲಿ ಮಾಡಬೇಕು. ಹಿತ್ತಲ ಶೆಡ್ಡಿನಲ್ಲಿ ಮೇಷ್ಟ್ರ ಸೈಕಲ್ಲಿದೆ.

"ಗುಜರಿಯವನು ಐನೂರು ಅಂದ. ನಮ್ಮ ತಂಗಿ ಮಗ ಒಂದೂವರೆ ಲಕ್ಷ ಅಂತಾನೆ. ನೀವೊಂದ್ಸಲ ಬಂದು ನೋಡ್ತೀರೇನಪ್ಪ?"

ಐನೂರಕ್ಕೂ ಒಂದೂವರೆ ಲಕ್ಷಕ್ಕೂ ಮುನ್ನೂರು ಪಟ್ಟು ಅಂತರ. ಚಿನ್ನದ ಅಂಗಡಿಯಲ್ಲಾಗಲಿ ಸೈಟಿನ ವ್ಯವಹಾರದಲ್ಲಾಗಲಿ ಹೀಗೆ ಆಗುವುದಿಲ್ಲ. ಹಳೇ ಸೈಕಲ್ಲಿನಲ್ಲಿ ಮಾತ್ರ ಆಗುತ್ತೆ. ಅದಕ್ಕೇ ಈ ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬರೆದಿಡುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ನಮ್ಮಪ್ಪ ಅಗ್ರಹಾರದಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದರು. ಬಾಡಿಗೆ ಹೋಯಿತು, ರಿಪೇರಿ ಉಳಿಯಿತು. ಗೇರ್ ಸೈಕಲ್ ಮುಟ್ಟುವವರು ಕಡಿಮೆ ಇದ್ದ ಕಾಲದಲ್ಲಿ ನಾನು ಮುಟ್ಟಿದೆ. ಹಾಗಾಗಿ ತಿಂಗಳಿಗೊಬ್ಬರಾದರೂ ಹಳೇ ಗಾಡಿ ಹಿಡಿದು ಬಂದು "ಇದು ಎಷ್ಟು ಬಾಳುತ್ತೆ ನೋಡಿ" ಅನ್ನುತ್ತಾರೆ.

ಶೆಡ್ಡಿನಲ್ಲಿ

ಹೊರಡುವಾಗ ಒಂದು ಅಯಸ್ಕಾಂತ, ಟಾರ್ಚು, ದಾರದ ಉಂಡೆ, ದಪ್ಪ ಅಳೆಯುವ ವರ್ನಿಯರ್, ಟೇಪು, ಸೀಮೆಎಣ್ಣೆ ಬಟ್ಟೆ ಚೀಲಕ್ಕೆ ಹಾಕಿಕೊಂಡೆ. ಇಷ್ಟೇ ಸಾಕು. ಸೈಕಲ್ ಮುಟ್ಟಬೇಡಿ, ಒರೆಸಬೇಡಿ ಅಂತ ಫೋನಿನಲ್ಲೇ ಹೇಳಿದ್ದೆ. ಒರೆಸುವ ಭರದಲ್ಲಿ ಹಳೇ ಸ್ಟಿಕ್ಕರ್ ಕಿತ್ತುಬಂದರೆ ಗಾಡಿಯ ಅರ್ಧ ಜಾತಕವೇ ಹೋದ ಹಾಗೆ.

ಬಟ್ಟೆ ಒಗೆಯುವ ಕಲ್ಲಿಗೆ ಒರಗಿಸಿಟ್ಟಿದ್ದರು. ಎರಡೂ ಟೈರು ಚಪ್ಪಟೆ. ಮೇಲೆ ತೆಂಗಿನ ನಾರು, ಹಲ್ಲಿ ಮೊಟ್ಟೆ. ಕಡು ಹಸಿರು ಬಣ್ಣ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್. ಹಿಂದೆ ಹಲ್ಲು ಚಕ್ರ ಐದು, ಮುಂದೆ ಎರಡು, ಅಂದರೆ ಹತ್ತು ಗೇರು. ಮುಂದಿನ ಪೈಪಿನ ಮೇಲೆ ಕೊಕ್ಕರೆಯ ತಲೆಯಿರುವ ಬಿಲ್ಲೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ನೋಡಿದರೆ ನಮ್ಮೂರಿನದೇ ಅಂದಾರು. ಆದರೆ ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ಕಂಪನಿಯ ಗುರುತು.

ನಿಜ ಹೇಳುತ್ತೇನೆ, ಆ ಬಿಲ್ಲೆ ನೋಡಿದ ಕೂಡಲೇ ಮನಸ್ಸಿನಲ್ಲಿ ಇಪ್ಪತ್ತೈದು ಸಾವಿರ ಅಂತ ಬಂದುಬಿಟ್ಟಿತು. ಇನ್ನೂ ಒಂದು ನಟ್ಟೂ ಮುಟ್ಟಿರಲಿಲ್ಲ.

ನಮ್ಮ ಕಡೆ ಹಿರಿಯರು 'ರ‍್ಯಾಲಿ ಸೈಕಲ್' ಅಂದರೆ ಎರಡರಲ್ಲಿ ಒಂದು. ಸಮುದ್ರ ದಾಟಿ ಬಂದದ್ದು, ಇಲ್ಲವೇ ಬಂಗಾಳದ ಆಸನ್ಸೋಲ್‌ನಲ್ಲಿ ಸೇನ್-ರ‍್ಯಾಲಿ ಕಂಪನಿ ಮಾಡಿದ್ದು. ಆ ಕಂಪನಿಯನ್ನು 1980ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಕರಣ ಮಾಡಿತು. ಆಸನ್ಸೋಲಿನ ಕರೀ ಗಾಡಿಗಳು ಗಟ್ಟಿಯೇ, ಆದರೆ ಊರೂರಲ್ಲೂ ಇದ್ದವು. ಹತ್ತು ಗೇರಿನ ಬಾಗಿದ ಹ್ಯಾಂಡಲ್ ಮಾತ್ರ ಹಾಗಲ್ಲ.

ಸೀಟು ಪೈಪಿನ ಮೇಲ್ತುದಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ನಂಬರ್ ಕಂಡಿತು. ಎನ್, ಎಚ್, ಆಮೇಲೆ 4, ಆಮೇಲೆ ಇನ್ನಷ್ಟು ಅಂಕಿ. ಎಪ್ಪತ್ತರ ದಶಕದ ರ‍್ಯಾಲಿಗಳಲ್ಲಿ ಮೊದಲ ಅಕ್ಷರ ಕಾರ್ಖಾನೆಯದು. ಎನ್ ಅಂದರೆ ನಾಟಿಂಗ್‌ಹ್ಯಾಮ್, ಡಬ್ಲ್ಯೂ ಅಂದರೆ ವರ್ಕ್‌ಸಾಪ್. ಎರಡನೇ ಅಕ್ಷರ ವರ್ಷದ ಯಾವ ಭಾಗ ಅನ್ನೋದಕ್ಕೆ. ಮೂರನೆಯ ಅಂಕಿ ಇಸವಿಯ ಕೊನೇ ಅಂಕಿ. ಹಾಗಾದರೆ 1974. ಅದು 1984 ಯಾಕಾಗಬಾರದು ಅಂತ ಕೇಳಬಹುದು. ಅದಕ್ಕೆ ಉಳಿದ ಸಾಮಾನು ಸಾಕ್ಷಿ ಹೇಳಬೇಕು. ಪೆಡಲ್ ಕೈ ಕಾಟರ್ ಪಿನ್ನಿನಲ್ಲಿ, ಅಂದರೆ ಅದನ್ನು ಅಚ್ಚಿಗೆ ಬಿಗಿಯುವ ಕಬ್ಬಿಣದ ಗೂಟದಲ್ಲಿ, ಕೂತಿತ್ತು. ಗೇರು ಬದಲಿಸುವ ಸಾಮಾನು ಫ್ರಾನ್ಸಿನ ಡಿಜಾನ್ ಊರಿನ ಸಿಂಪ್ಲೆಕ್ಸ್ ಕಂಪನಿಯ ಕರೀ ಪ್ಲಾಸ್ಟಿಕ್ಕಿನದು. ಎರಡೂ ಎಪ್ಪತ್ತರ ದಶಕದ ಲಕ್ಷಣ.

"ನೀವು ಅಮೆರಿಕದಿಂದ ಬಂದದ್ದು ಯಾವಾಗ ಮೇಡಂ?"

"ಎಪ್ಪತ್ತಾರು. ಮದರಾಸಿನ ಹಡಗುಕಟ್ಟೆಗೆ ಇವರೇ ಹೋಗಿ ಬಿಡಿಸಿಕೊಂಡು ಬಂದ್ರು. ಪಾತ್ರೆ ಪೆಟ್ಟಿಗೆಗಿಂತ ಮೊದಲು ಸೈಕಲ್ ಪೆಟ್ಟಿಗೆ ತೆಗೆದ್ರು, ನನಗಿನ್ನೂ ನೆನಪಿದೆ."

ಲೆಕ್ಕ ಕೂಡಿತು. ಆಗ ಅಮೆರಿಕದಲ್ಲಿ ಹತ್ತು ಗೇರಿನ ಸೈಕಲ್ ಹುಚ್ಚು ಹಿಡಿದಿತ್ತು. 1973 ಒಂದೇ ವರ್ಷ ಅಲ್ಲಿ ಸುಮಾರು ಒಂದೂವರೆ ಕೋಟಿ ಸೈಕಲ್ ಮಾರಾಟವಾಯಿತು. ಕಾಲೇಜು ಹುಡುಗರು, ಮೇಷ್ಟ್ರುಗಳು ಎಲ್ಲರೂ ಕೊಂಡರು. ಅದೇ ಅಲೆಯ ಒಂದು ಗಾಡಿ ಸರಸ್ವತಿಪುರಂನ ಶೆಡ್ಡಿಗೆ ಬಂದು ನಿಂತಿದೆ.

ಹೆಸರು ದೊಡ್ಡದು, ಮೆಟ್ಟಿಲು ಎರಡನೆಯದು

ಓರೆ ಪೈಪಿನ ಮೇಲೆ ಮಾಡೆಲ್ ಹೆಸರು ಅರ್ಧಂಬರ್ಧ ಉಳಿದಿತ್ತು. ಗ್ರಾಂ ಪ್ರಿ. ಹೆಸರು ಕೇಳಿದರೆ ರೇಸ್ ಗೆದ್ದು ಬಂದ ಕುದುರೆ ಅನ್ನಿಸುತ್ತೆ. ಆದರೆ ರ‍್ಯಾಲಿಯವರ ಅಂದಿನ ಸಾಲಿನಲ್ಲಿ ರೆಕಾರ್ಡ್ ಕೆಳಗಿನದು, ಗ್ರಾಂ ಪ್ರಿ ಅದರ ಮೇಲಿನದು, ಆಮೇಲೆ ಸೂಪರ್ ಕೋರ್ಸ್, ಅಲ್ಲಿಂದ ಮೇಲೆ ಕಾಂಪಿಟಿಷನ್, ಇಂಟರ್‌ನ್ಯಾಷನಲ್, ಪ್ರೊಫೆಷನಲ್. ನಮ್ಮ ಗಾಡಿ ಕೆಳಗಿನಿಂದ ಎರಡನೇ ಮೆಟ್ಟಿಲು. ಚೆನ್ನಾಗಿ ಮಾಡಿದ, ದಿನಾ ಓಡಿಸುವ ಗಾಡಿ. ರೇಸಿನದಲ್ಲ.

ಅಷ್ಟರಲ್ಲಿ ತಂಗಿ ಮಗ ಬಂದ. ಬೆಂಗಳೂರಿನಲ್ಲಿ ಕೆಲಸ, ಶನಿವಾರ ಅಂತ ಬಂದಿದ್ದ. ಫೋನ್ ತೆಗೆದು ತೋರಿಸಿದ. ಕೆಂಪು, ಕಪ್ಪು, ಹಳದಿ ಬಣ್ಣದ ಹೊಳೆಯುವ ರ‍್ಯಾಲಿ. ಕೇಳಿದ್ದ ಬೆಲೆ ನಮ್ಮ ದುಡ್ಡಿನಲ್ಲಿ ಒಂದೂವರೆ ಲಕ್ಷ.

"ಅಂಕಲ್, ಎರಡೂ ರ‍್ಯಾಲಿನೇ ಅಲ್ವಾ? ವರ್ಷಾನೂ ಹತ್ರ ಹತ್ರ."

ಅದು ಟಿ.ಐ.-ರ‍್ಯಾಲಿ ರೇಸ್ ತಂಡದ ಮಾದರಿ. ಆ ತಂಡದ ಯೋಪ್ ಜೂಟೆಮೆಲ್ಕ್ 1980ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದವನು. ಅಲ್ಲಿನ ಟಿ.ಐ. ಅಂದರೆ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್, 1960ರಲ್ಲಿ ರ‍್ಯಾಲಿಯನ್ನು ಕೊಂಡುಕೊಂಡ ಗುಂಪು. ನಮ್ಮ ಕಡೆ ಹರ್ಕ್ಯುಲಿಸ್, ಬಿ.ಎಸ್.ಎ. ಮಾಡುತ್ತಿದ್ದ ಮದರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್‌ಗೂ ಅದೇ ಮೂಲ. ಹೆಸರಿನ ನಂಟು ಹಿಡಿದು ಹೊರಟರೆ ನಮ್ಮಪ್ಪನ ಬಾಡಿಗೆ ಹರ್ಕ್ಯುಲಿಸ್ಸೂ ಜೂಟೆಮೆಲ್ಕನ ದಾಯಾದಿಯೇ!

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಇಲವಾಲದ ಸೈಟೂ ಮೈಸೂರೇ, ದೇವರಾಜ ಅರಸು ರೋಡಿನ ಅಂಗಡಿನೂ ಮೈಸೂರೇ. ಒಂದೇ ರೇಟಾ?"

ಅವನು ನಕ್ಕ, ಆದರೆ ಒಪ್ಪಲಿಲ್ಲ. ಹಾಗಾದರೆ ಅಳೆದು ನೋಡೋಣ ಅಂದೆ. ಆ ಕಾಲದ ಒಳ್ಳೇ ಇಂಗ್ಲಿಷ್ ಗಾಡಿಗಳ ಪೈಪು ರೆನಾಲ್ಡ್ಸ್ 531. ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಕಂಪನಿ ಅದನ್ನು 1935ರಲ್ಲಿ ತಂದಿತು. ಅದರ ಒಳ್ಳೇ ನಮೂನೆಯಲ್ಲಿ ಪೈಪಿನ ಗೋಡೆ ಜೋಡಣೆಯ ತುದಿಯಲ್ಲಿ ದಪ್ಪ, ನಡುವೆ ತೆಳು. ಸ್ಟಿಕ್ಕರ್ ಇದ್ದರೆ ಗೊತ್ತಾಗುತ್ತೆ. ಆದರೆ ಸ್ಟಿಕ್ಕರ್ ಇವತ್ತು ಯಾರು ಬೇಕಾದರೂ ಪ್ರಿಂಟ್ ಹಾಕಿಸಿ ಅಂಟಿಸಬಹುದು. ಲೋಹ ಸುಳ್ಳು ಹೇಳಲ್ಲ.

ಸೀಟಿನ ಕಂಬಿಯನ್ನು ವರ್ನಿಯರಿನಲ್ಲಿ ಹಿಡಿಯಬೇಕು. ಸೀಟು ಪೈಪಿನ ಹೊರ ಅಳತೆ 28.6 ಮಿ.ಮೀ. ಒಳ್ಳೇ ತೆಳು ಪೈಪಾದರೆ ಅದರೊಳಗೆ 27.2ರ ಕಂಬಿ ಕೂರುತ್ತೆ. ಕಳೆದರೆ 1.4, ಒಂದೊಂದು ಪಕ್ಕಕ್ಕೆ 0.7. ಮೇಷ್ಟ್ರ ಗಾಡಿಯ ಕಂಬಿ 26ಕ್ಕೂ ಸಣ್ಣದಿತ್ತು. ಅಂದರೆ ಗೋಡೆ ಹೆಚ್ಚುಕಡಿಮೆ ಎರಡು ಪಟ್ಟು ದಪ್ಪ. ವರ್ನಿಯರನ್ನು ಹುಡುಗನ ಕೈಗೇ ಕೊಟ್ಟೆ. ಎರಡು ಸಲ ಹಿಡಿದು ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡ.

ಹೀಗೆ ಒರೆಸಿ, ಅಳೆದು ನೋಡೋದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ವರ್ಷಗಳ ಹಿಂದೆ ಒಂದು ಹಾಳು ಗಾಡಿಯ ಚಕ್ರದ ನಡುವಿನ ಎರಡು ಹಬ್ಬುಗಳನ್ನು ಬರೀ ಕೊಳಕು ನೋಡಿ ಅಲ್ಯುಮಿನಿಯಂ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದೆ. ಗ್ರೀಸಿನ ಕೆಳಗೆ ಏನೋ ಉದ್ದನೆ ಹೆಸರಿತ್ತು, ಒರೆಸಿ ಓದಲಿಲ್ಲ. ಕ್ಯಾಂಪಗ್ನೋಲೊ ಅಂತ ಆಮೇಲೆ ಗೊತ್ತಾಯಿತು. ಇಟಲಿಯ ವಿಚೆಂಜಾದಲ್ಲಿ 1933ರಲ್ಲಿ ಶುರುವಾದ ಕಂಪನಿ, ಹಳೇ ಸೈಕಲ್ಲಿನವರು ಚಿನ್ನದ ಹಾಗೆ ತೂಗುವ ಹೆಸರು. ನನಗೆ ಸಿಕ್ಕಿದ್ದು ಕೆ.ಜಿ. ಲೆಕ್ಕದ ಚಿಲ್ಲರೆ.

ಏಟು ಎಲ್ಲಿ ಬಿದ್ದಿದೆ

ಬಣ್ಣ, ತುಕ್ಕು ಕಣ್ಣಿಗೆ ಕಾಣುತ್ತವೆ. ಕಾಣದ್ದು ಏಟು. ಮುಂದಿನಿಂದ ಡಿಕ್ಕಿಯಾದ ಗಾಡಿಯಲ್ಲಿ ಹ್ಯಾಂಡಲ್ ಕೂರುವ ಪೈಪಿನ ಹಿಂದೆ, ಓರೆ ಪೈಪಿನ ಹೊಟ್ಟೆಯಲ್ಲಿ ಒಂದು ಸಣ್ಣ ಅಲೆ ಏಳುತ್ತೆ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತೆ. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದೆ. ನಯವಾಗಿತ್ತು.

ಆಮೇಲೆ ದಾರ. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಮುಂದಿನ ಪೈಪು ಸುತ್ತಿಸಿ, ವಾಪಸ್ ಇನ್ನೊಂದು ಕಡೆಗೆ ಬಿಗಿಯಾಗಿ ಕಟ್ಟಬೇಕು. ಸೀಟು ಪೈಪಿನ ಎರಡೂ ಪಕ್ಕ ದಾರಕ್ಕೆ ಎಷ್ಟು ದೂರ ಅಂತ ಅಳೆಯಬೇಕು. ಎಡಕ್ಕೆ 31 ಮಿ.ಮೀ., ಬಲಕ್ಕೆ 31. ಮೇಡಂ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಗಾರೆ ಕೆಲಸದವರ ಹಾಗೆ ದಾರ ಹಿಡಿತೀರಲ್ಲಪ್ಪಾ" ಅಂದರು. ಅದೇ ಕೆಲಸ, ಇನ್ನೇನು. ಗಾಡಿ ನೆಟ್ಟಗಿತ್ತು.

ಖುಷಿಯಲ್ಲಿ ಗಾಡಿ ತಲೆಕೆಳಗು ಮಾಡಿದೆ. ಅಲ್ಲೇ ಎದೆ ಧಸಕ್ ಅಂತು.

ಅಮೆರಿಕದಿಂದ ಬಂದಾಗ ಇದಕ್ಕೆ ಸ್ಟ್ಯಾಂಡ್ ಇರಲಿಲ್ಲ. ಸ್ಟ್ಯಾಂಡ್ ಇಲ್ಲದ ಸೈಕಲ್ಲನ್ನು ಮೈಸೂರಲ್ಲಿ ಎಲ್ಲಿ ನಿಲ್ಲಿಸೋದು? ಮೇಷ್ಟ್ರು ಯಾವುದೋ ಅಂಗಡಿಯಲ್ಲಿ ಪಕ್ಕದ ಸ್ಟ್ಯಾಂಡ್ ಹಾಕಿಸಿದ್ದಾರೆ. ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಎರಡು ಸಣ್ಣ ಪೈಪುಗಳಿವೆಯಲ್ಲ, ಅವುಗಳ ನಡುವೆ ಒಂದು ಪಟ್ಟಿ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಹಾಕಿದವನು ಶಕ್ತಿ ಇದ್ದಷ್ಟೂ ಬಿಗಿದಿದ್ದಾನೆ. ಎರಡೂ ಪೈಪು ಆ ಜಾಗದಲ್ಲಿ ಒತ್ತಿ ಚಪ್ಪಟೆಯಾಗಿವೆ. ಎಡಗಡೆ ತಗ್ಗಿನಲ್ಲಿ ಬೆರಳ ತುದಿ ಕೂರುತ್ತೆ. ದಪ್ಪ ಸ್ಟೀಲಾದ್ದರಿಂದ ಸೀಳಿರಲಿಲ್ಲ, ಓಡಿಸಲು ಭಯವಿಲ್ಲ. ಆದರೆ ಕೂಡಿಡುವ ಹವ್ಯಾಸದವನು ಈ ತಗ್ಗು ನೋಡಿದರೆ ಎದ್ದು ಹೋಗುತ್ತಾನೆ. ತೆಗೆಯಲು ಬರುವ ತಪ್ಪಲ್ಲ ಇದು.

ಬೆಲೆ ಕಟ್ಟುವುದರಲ್ಲಿ ನನ್ನದೊಂದು ನಿಯಮ. ಬದಲಿಸಲು ಬರುವ ತಪ್ಪಿಗೆ ಬದಲಿಸುವ ಖರ್ಚು ಕಳೆಯಬೇಕು. ಬದಲಿಸಲು ಬರದ ತಪ್ಪಿಗೆ ಕೊಳ್ಳುವವರ ಪಟ್ಟಿಯಿಂದ ಒಂದು ಜಾತಿಯ ಜನರನ್ನೇ ಕಳೆಯಬೇಕು. ಹವ್ಯಾಸಿಗಳು ಅಲ್ಲಿಗೆ ಪಟ್ಟಿಯಿಂದ ಹೋದರು.

ಉಳಿದದ್ದು ಬೇಗ ಮುಗಿಯಿತು. ರಿಮ್ಮಿಗೆ ಅಯಸ್ಕಾಂತ ಟಕ್ ಅಂತ ಹಿಡಿಯಿತು, ಕ್ರೋಮ್ ಹೊಡೆದ ಸ್ಟೀಲು. ಮಳೆಯಲ್ಲಿ ಅದರ ಮೇಲೆ ಬ್ರೇಕ್ ಸರಿಯಾಗಿ ಹಿಡಿಯಲ್ಲ, ಅಲ್ಲಲ್ಲಿ ತುಕ್ಕಿನ ಚುಕ್ಕಿ ಬೇರೆ. ವೈನ್‌ಮನ್ ಬ್ರೇಕು ಚೆನ್ನಾಗಿತ್ತು. ಸೀಟು ಊರಿನದೇ, ರೆಕ್ಸಿನ್ ಹರಿದಿತ್ತು. ಹಿಂದಿನ ಗೇರು ಸಾಮಾನು ಉಳಿದಿತ್ತು, ಮುಂದಿನದರ ಪ್ಲಾಸ್ಟಿಕ್ ಪಟ್ಟಿ ಬಿರುಕು ಬಿಟ್ಟಿತ್ತು. ಆ ಪ್ಲಾಸ್ಟಿಕ್ಕಿಗೆ ವಯಸ್ಸಾದರೆ ಹಾಗೇ, ಮುಟ್ಟಿದರೆ ಹಪ್ಪಳ.

ಕೊನೆಗೆ ಎತ್ತರ. ನಾನು ಐದಡಿ ಆರಂಗುಲ. ಗಾಡಿಯ ಎರಡೂ ಪಕ್ಕ ಕಾಲು ಹಾಕಿ ನಿಂತೆ. ನಿಲ್ಲಲು ಆಗಲಿಲ್ಲ ಅನ್ನೋದೇ ಸರಿ, ಮೇಲಿನ ಬಾರು ಎಲ್ಲಿ ತಾಗಬಾರದೋ ಅಲ್ಲಿ ತಾಗಿತು. ಟೇಪು ಹಿಡಿದರೆ ಇಪ್ಪತ್ಮೂರೂವರೆ ಇಂಚಿನ ಫ್ರೇಮ್, ಹೆಚ್ಚುಕಡಿಮೆ 60 ಸೆಂ.ಮೀ. ಐದಡಿ ಹನ್ನೊಂದಾದರೂ ಇರಬೇಕು ಇದನ್ನು ಓಡಿಸಲು.

"ಇವರು ಆರಡಿ ಎರಡಂಗುಲ" ಅಂದರು ಮೇಡಂ. "ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋಗ್ತಿದ್ರೆ ಈಚೆ ದಡಕ್ಕೆ ಕಾಣೋದು."

ಅಮೆರಿಕದಲ್ಲಿ ಈ ಅಳತೆ ತೊಡಕಲ್ಲ. ಮೈಸೂರಲ್ಲಿ ಇದೇ ದೊಡ್ಡ ತೊಡಕು. ಈ ಒಂದು ಅಳತೆಯಿಂದ ನೂರು ಗಿರಾಕಿಯಲ್ಲಿ ತೊಂಬತ್ತು ಜನ ಹೋದರು ಅಂತಲೇ ಲೆಕ್ಕ ಹಾಕಿದೆ.

ಮಂಡಿ ಮೊಹಲ್ಲಾದ ಕಾಲು ಗಂಟೆ

ಪೆಡಲ್ ಅಚ್ಚು ಗರಗರ ಅನ್ನುತ್ತಿತ್ತು. ಒಳಗೆ ಏನಿದೆ ನೋಡದೆ ಬೆಲೆ ಹೇಳಿದರೆ ಕಣ್ಣು ಕಟ್ಟಿಕೊಂಡು ಹೇಳಿದ ಹಾಗೆ. ಮೇಡಂ ಒಪ್ಪಿಗೆ ತಗೊಂಡು ಗಾಡಿಯನ್ನು ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ನಾವೆಲ್ಲ ಚಾಚಾ ಅನ್ನುತ್ತೇವೆ. ಕಾಟರ್ ಪಿನ್ ಬಿಚ್ಚುವುದು ಅಂದರೆ ಹೊರದೇಶದ ಹವ್ಯಾಸಿಗಳಿಗೆ ಜ್ವರ ಬರುತ್ತೆ, ಅದಕ್ಕೇ ಅಂತ ಒಂದು ಪ್ರೆಸ್ ಕೊಳ್ಳುತ್ತಾರೆ. ಚಾಚಾ ಕೆಳಗೆ ಒಂದು ಕಬ್ಬಿಣದ ಪೈಪು ಒತ್ತು ಕೊಟ್ಟು, ನಟ್ಟನ್ನು ಪಿನ್ನಿನ ತುದಿಯ ಮಟ್ಟಕ್ಕೆ ತಂದು, ಸುತ್ತಿಗೆಯಲ್ಲಿ ಒಂದೇ ಏಟು ಕೊಟ್ಟರು. ಪಿನ್ ಜಾರಿ ಬಂತು. ಬೀಡಿ ಹೊತ್ತಿಸಲಿಕ್ಕೆ ಹಿಡಿದಷ್ಟು ಹೊತ್ತೂ ಹಿಡಿಯಲಿಲ್ಲ.

"ಬಲಗಡೆ ಕಪ್ಪು ಉಲ್ಟಾ ಥ್ರೆಡ್ ಬೇಟಾ, ಹುಷಾರು" ಅಂದರು. ಕಪ್ಪು ಅಂದರೆ ಪೆಡಲ್ ಅಚ್ಚಿನ ಗುಂಡುಗಳು ಓಡುವ ಬಟ್ಟಲು. ನನಗೆ ಗೊತ್ತಿತ್ತು, ಆದರೂ ಚಾಚಾ ಹೇಳಿದರೆ ತಲೆಯಾಡಿಸಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಉಳಿದ ಇಂಗ್ಲಿಷ್ ಸೈಕಲ್ಲುಗಳ ಪೆಡಲ್ ಕಪ್ಪಿಗೆ ಇಂಚಿಗೆ 24 ಥ್ರೆಡ್ ಎಳೆ. ನಾಟಿಂಗ್‌ಹ್ಯಾಮ್ ರ‍್ಯಾಲಿ ಮಾತ್ರ ತನ್ನದೇ 26 ಎಳೆ ಇಟ್ಟುಕೊಂಡಿತ್ತು. ಆ ಕಪ್ಪು ಸವೆದಿದ್ದರೆ ಇವತ್ತು ಸಿಗುವ ಹೊಸ ಸಾಮಾನು ಸುಮ್ಮನೆ ತಿರುಗಿಸಿ ಕೂರಿಸಲು ಆಗಲ್ಲ. ಗ್ರೀಸು ಒಣಗಿ ಬೆಲ್ಲದ ಪಾಕದ ಹಾಗಾಗಿತ್ತು. ಅದನ್ನು ತೊಳೆದು ನೋಡಿದರೆ ಕಪ್ಪಿನ ಒಳಗೆ ಕನ್ನಡಿ ಹಾಗಿತ್ತು, ಗುಂಡುಗಳು ಮಾತ್ರ ಹೋಗಿದ್ದವು. ಗುಂಡಿನ ಖರ್ಚು ಲೆಕ್ಕಕ್ಕೇ ಇಲ್ಲ. ಈ ಒಂದು ಸುದ್ದಿ ಗಾಡಿಯನ್ನು ಉಳಿಸಿತು ಅನ್ನಬೇಕು.

ಟೈರು ವಿಷಯದಲ್ಲಿ ನಾನೇ ಎಡವಿದೆ. ಗಾಡಿಯ ಚಕ್ರ 27 ಇಂಚು. ಇವತ್ತಿನ ರೋಡ್ ಬೈಕಿನ ಟೈರು 700 ಸಿ. ಎರಡೂ ನೋಡಲು ಒಂದೇ. ಅಂಗಡಿಯಲ್ಲಿದ್ದ 700 ಸಿ ಟೈರನ್ನು ಅವಸರದಲ್ಲಿ ಹಾಕಲು ಹೋದೆ. ಇಬ್ಬರು ಎಳೆದರೂ ಕೂರಲಿಲ್ಲ, ಹೆಬ್ಬೆರಳ ಉಗುರು ಕಪ್ಪಾಯಿತು. ಕೂರುವುದೂ ಇಲ್ಲ, ಯಾಕೆಂದರೆ 27ರ ರಿಮ್ಮಿನಲ್ಲಿ ಟೈರು ಕೂರುವ ಅಳತೆ 630 ಮಿ.ಮೀ., 700 ಸಿ ಯದು 622. ಎಂಟು ಮಿ.ಮೀ. ಅಷ್ಟೇ! ಅಂದರೆ 27ರ ಟೈರನ್ನೇ ಹುಡುಕಿ ತರಿಸಬೇಕು, ಕೊರಿಯರ್ ಖರ್ಚು ಸೇರಿಸಬೇಕು.

ಲೆಕ್ಕ

ಜಾವಾ ಬೈಕಿಗೆ ಮೈಸೂರಲ್ಲಿ ಬೆಲೆ ಕಟ್ಟುವುದು ಸುಲಭ. 1961ರಿಂದ 1996ರವರೆಗೆ ಯಾದವಗಿರಿಯಲ್ಲೇ ತಯಾರಾಗುತ್ತಿತ್ತು. ಮೆಕ್ಯಾನಿಕ್ ಇದ್ದಾರೆ, ಸಾಮಾನಿದೆ, ಕೊಳ್ಳುವವರು ಬೀದಿಗೊಬ್ಬರು. ಹೋದ ತಿಂಗಳು ಎಷ್ಟಕ್ಕೆ ಹೋಯಿತು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಹಳೇ ಗೇರ್ ಸೈಕಲ್ಲಿಗೆ ಅಂಥ ಸಂತೆ ಇಲ್ಲ. ನನ್ನ ಹತ್ತಿರ ಇರುವುದು ಒಂದು ನೋಟ್‌ಬುಕ್ಕು ಅಷ್ಟೇ. ದುಡ್ಡು ಕೈ ಬದಲಿಸಿದ ವ್ಯಾಪಾರ ಮಾತ್ರ ಅದರಲ್ಲಿ ಬರೆಯುತ್ತೇನೆ. ಕೇಳಿದ ಬೆಲೆ ಬರೆಯಲ್ಲ.

ಅದರಲ್ಲಿ ಎರಡು ಹತ್ತಿರದವು ಸಿಕ್ಕವು. ಒಂದು, ನಮ್ಮ ದೇಶದ್ದೇ ಹಳೇ ರೇಸಿಂಗ್ ನಮೂನೆ, ಓಡುವ ಸ್ಥಿತಿ, 7,500ಕ್ಕೆ ಹೋಗಿತ್ತು. ಇನ್ನೊಂದು ಜಪಾನಿನ ಹಗುರ ಗಾಡಿ, ಅಲ್ಲಿನದೇ ಶಿಮಾನೊ ಕಂಪನಿಯ 600 ನಮೂನೆಯ ಸಾಮಾನು. ಶಿಮಾನೊದವರು ಸಾಮಾನಿನ ಮೇಲೆ ಎರಡು ಅಕ್ಷರ ಒತ್ತುತ್ತಿದ್ದರು. ಮೊದಲನೆಯದು ವರ್ಷ, ಎ ಅಂದರೆ 1976. ಎರಡನೆಯದು ತಿಂಗಳು. ಅದರಲ್ಲಿ ಡಿ ಎಫ್ ಇತ್ತು, ಅಂದರೆ 1979ರ ಜೂನ್. ಎಲ್ಲ ಸಾಮಾನೂ ಅದೇ ವರ್ಷದ್ದು, ಯಾರೂ ಕೈ ಹಾಕಿಲ್ಲ ಅಂತ ಅದರಿಂದಲೇ ಗೊತ್ತಾಗಿತ್ತು. ಮಧ್ಯಮ ಎತ್ತರದವರ ಅಳತೆ. 28,000ಕ್ಕೆ ಹೋಗಿತ್ತು.

ಮೇಷ್ಟ್ರ ರ‍್ಯಾಲಿ ಇವೆರಡರ ನಡುವೆ ಎಲ್ಲೋ ಇದೆ. ಅಮೆರಿಕದಲ್ಲಿ ಇದೇ ಮಾಡೆಲ್ ಮಾರಾಟವಾಗಿದ್ದನ್ನು ನಾನು ನೋಡಿದ ಮಟ್ಟಿಗೆ 100ರಿಂದ 200 ಡಾಲರ್. ಅಲ್ಲಿ ಅದು ಅಪರೂಪವಲ್ಲ. ಇಲ್ಲಿ ಅಪರೂಪ, ಆದರೆ ಅಪರೂಪವಾದ ಮಾತ್ರಕ್ಕೆ ಕೊಳ್ಳುವವರು ಇರಬೇಕಲ್ಲ? ಓಡಿಸಲು ಕೊಳ್ಳುವವನಿಗೆ ಇನ್ನೊಂದು ತಡೆಗೋಡೆ ಇದೆ. ಇಪ್ಪತ್ತೈದು ಮೂವತ್ತು ಸಾವಿರಕ್ಕೆ ಹೊಸ ರೋಡ್ ಬೈಕೇ ಸಿಗುತ್ತೆ, ಗ್ಯಾರಂಟಿ ಕಾರ್ಡ್ ಸಮೇತ. ಹಳೆಯದಕ್ಕೆ ಅಷ್ಟು ಕೊಡುವವನು ಹಳೆಯದನ್ನೇ ಪ್ರೀತಿಸುವವನಾಗಿರಬೇಕು, ಆ ಜಾತಿಯವನು ಸ್ಟ್ಯಾಂಡಿನ ತಗ್ಗು ನೋಡಿ ಆಗಲೇ ಎದ್ದು ಹೋಗಿದ್ದಾನೆ.

ರಿಪೇರಿಯಾಗಿ ಓಡುವ ಸ್ಥಿತಿಯಲ್ಲಿ, ಸರಿಯಾದ ಎತ್ತರದ ಗಿರಾಕಿ ಎದುರಿಗಿದ್ದರೆ 18,000 ಅಂತ ಇಟ್ಟೆ. ತಗ್ಗು ಇಲ್ಲದಿದ್ದರೆ 20,000 ಇಡುತ್ತಿದ್ದೆ. ಅದರಿಂದ ಟೈರು ಟ್ಯೂಬಿಗೆ 1,900, ಕೇಬಲ್, ಬ್ರೇಕ್ ರಬ್ಬರು, ಹ್ಯಾಂಡಲ್ ಪಟ್ಟಿಗೆ 900, ಮುಂದಿನ ಗೇರಿಗೆ ಹಳೇದೊಂದು ಹುಡುಕಿ ಹಾಕಲು 700, ಚೈನಿಗೆ 500, ಎರಡು ಚಕ್ರ ಡೊಂಕು ತೆಗೆಯಲು 400, ಗುಂಡು, ಗ್ರೀಸು, ಕಾಟರ್ ಪಿನ್ನಿಗೆ 250. ಒಟ್ಟು 4,650. ಉಳಿದದ್ದು 13,350. ಎತ್ತರದ ಗಿರಾಕಿಗಾಗಿ ಕಾಯಲು ಸಮಯ ಇಲ್ಲ, ಡಿಸೆಂಬರ್ ಬಂತು. ಅದಕ್ಕೆ ಇನ್ನೆರಡು ಸಾವಿರ ಹಿಡಿದೆ. ಒಂದು ಹಾಳೆಯಲ್ಲಿ ಎಲ್ಲ ಬರೆದು ಕೆಳಗೆ "ಇದ್ದ ಸ್ಥಿತಿಯಲ್ಲಿ 11,000ದಿಂದ 13,000" ಅಂತ ಹಾಕಿ ಮೇಡಂ ಕೈಗೆ ಕೊಟ್ಟೆ.

ಗುಜರಿಯವನ ಲೆಕ್ಕವನ್ನೂ ಬರೆದಿದ್ದೆ, ಯಾಕೆಂದರೆ ಅವನು ಮೋಸಗಾರ ಅಂತ ಮನೆಯಲ್ಲಿ ಬೈಯುತ್ತಿದ್ದರು. ಸ್ಟ್ಯಾಂಡು, ಕ್ಯಾರಿಯರ್ ಸೇರಿ 15 ಕೆ.ಜಿ. ತೂಗಿತು. ಕೆ.ಜಿ.ಗೆ ಮೂವತ್ತು ಅಂದರೂ 450. ಐವತ್ತು ಜಾಸ್ತಿಯೇ ಹೇಳಿದ್ದ ಪಾಪ.

ತಂಗಿ ಮಗ ಹಾಳೆ ನೋಡಿ "ಪೇಂಟ್ ಹೊಡೆಸಿ ಮಾರಿದ್ರೆ?" ಅಂದ. ಬೇಡ ಅಂದೆ. ಹೊಸ ಬಣ್ಣಕ್ಕೆ ಮೂರ್ನಾಲ್ಕು ಸಾವಿರ ಹೋಗುತ್ತೆ, ಕೊಕ್ಕರೆ ಬಿಲ್ಲೆಯ ಸುತ್ತಿನ ಹಳೇ ಹಸಿರೂ ಹೋಗುತ್ತೆ. ಬಣ್ಣದ ಕೆಳಗೆ ಏನು ಮುಚ್ಚಿದ್ದಾರೋ ಅಂತ ಕೊಳ್ಳುವವನಿಗೆ ಅನುಮಾನ ಬೇರೆ ಬರುತ್ತೆ. ಖರ್ಚು ಮಾಡಿ ಬೆಲೆ ಇಳಿಸಿಕೊಳ್ಳುವ ಕೆಲಸ.

ಇಪ್ಪತ್ತು ಸಾವಿರದ ಗಿರಾಕಿ

ಹಾಳೆ ಕೊಟ್ಟ ನಾಲ್ಕನೇ ದಿನ ಗೋಕುಲಂ ಕಡೆಯ ಒಂದು ಕೆಫೆಯವರು ಬಂದರು. ಇದ್ದ ಹಾಗೇ ಇಪ್ಪತ್ತು ಸಾವಿರ, ರಿಪೇರಿಯೂ ಬೇಡ. ಹಳದಿ ಬಣ್ಣ ಬಳಿದು ಬಾಗಿಲ ಪಕ್ಕ ನಿಲ್ಲಿಸಿ ಹಿಂದೆ ಮುಂದೆ ಹೂವಿನ ಕುಂಡ ಇಡುತ್ತಾರಂತೆ. ನನ್ನ ಹದಿಮೂರು ಸಾವಿರ ನೋಡಿ ತಂಗಿ ಮಗ ಹುಬ್ಬೇರಿಸಿದ. ತಪ್ಪೇನಿಲ್ಲ. ಗೋಡೆಗೆ ಒರಗಿಸುವವನಿಗೆ ಫ್ರೇಮಿನ ಅಳತೆ, ಟೈರಿನ ಅಳತೆ, ಪೈಪಿನ ತಗ್ಗು ಯಾವುದೂ ಬೇಕಿಲ್ಲ. ಅವನಿಗೆ ಬೇಕಾದದ್ದು ಟಗರಿನ ಕೊಂಬು ಮಾತ್ರ. ಈ ಜಾತಿಯ ಗಿರಾಕಿಯನ್ನು ನನ್ನ ಲೆಕ್ಕದಲ್ಲಿ ಸೇರಿಸಿಯೇ ಇರಲಿಲ್ಲ, ಅದು ನನ್ನದೇ ಲೋಪ.

ಮೇಡಂ ಅವರಿಗೆ ನಾನು ಕೊಡಿ ಅಂತಲೇ ಹೇಳಿದೆ. ಅವರು ಕುಂಡದ ಮಾತು ಕೇಳಿ ನಕ್ಕರು. "ಕುಂಡ ಹೊತ್ತುಕೊಂಡು ಒಂದೇ ಕಡೆ ನಿಲ್ಲೋ ಸ್ವಭಾವ ಇವರದಲ್ಲ, ಇವರ ಸೈಕಲ್ಲಿನದೂ ಅಲ್ಲ. ಆದ್ರೂ ದುಡ್ಡು ದುಡ್ಡೇ. ಕೊಡೋಣ."

ಅಡ್ವಾನ್ಸ್ ಸೋಮವಾರ ಅಂದರು. ಸೋಮವಾರ ಗುರುವಾರವಾಯಿತು. ಮುಂದಿನ ವಾರ ಫೋನ್ ಎತ್ತಿ, ಒಳಾಂಗಣ ಮಾಡುವವರು ಬೇರೆ ನಮೂನೆ ಹೇಳಿದ್ದಾರೆ, ಸೈಕಲ್ ಬೇಡ ಅಂದರು. ನನ್ನ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಸಾವಿರ ಬರೆಯುವ ಪ್ರಸಂಗ ಬರಲಿಲ್ಲ.

ನವೆಂಬರ್ ಕೊನೆಗೆ ಸಿಕ್ಕವರು ಮಂಡ್ಯದ ಒಬ್ಬ ಪಿ.ಟಿ. ಮೇಷ್ಟ್ರು. ಆರಡಿ ಒಂದಂಗುಲ. ತಮಗೆ ಸರಿಹೋಗುವ ಸೈಕಲ್ ಅಂಗಡಿಯಲ್ಲಿ ಸಿಗಲ್ಲ ಅಂತ ವರ್ಷದಿಂದ ಹೇಳುತ್ತಿದ್ದರು. ಶೆಡ್ಡಿಗೆ ಕರೆದುಕೊಂಡು ಹೋಗಿ ಮೊದಲು ಗಾಡಿ ತಲೆಕೆಳಗು ಮಾಡಿ ತಗ್ಗು ತೋರಿಸಿದೆ. ಬೆರಳಿಟ್ಟು ನೋಡಿ "ಮುರಿಯಲ್ಲ ತಾನೆ?" ಅಂದರು. ಇಲ್ಲ ಅಂದೆ. ಹತ್ತು ಸಾವಿರದಿಂದ ಶುರು ಮಾಡಿದರು, ಮೇಡಂ ಹದಿಮೂರಲ್ಲಿ ನಿಂತರು, ಹನ್ನೊಂದೂವರೆಗೆ ಕುದುರಿತು. ರಿಪೇರಿ ಖರ್ಚು ಅವರದೇ. ಒಟ್ಟು ಅವರಿಗೆ ಬಿದ್ದದ್ದು 16,150. ನನ್ನ ಹದಿನೆಂಟಕ್ಕೆ ಹತ್ತಿರ, ಆದರೆ ಕೆಳಗೆ. ಎತ್ತರದ ಗಿರಾಕಿ ಸಿಕ್ಕಿಯೂ ಕೆಳಗೆ ಹೋಯಿತು ಅಂದರೆ ಹದಿನೆಂಟು ಜಾಸ್ತಿಯೇ ಇತ್ತು. ಮುಂದಿನ ಸಲಕ್ಕೆ ನೋಟ್‌ಬುಕ್ಕಿನಲ್ಲಿ ತಿದ್ದಿಕೊಂಡಿದ್ದೇನೆ.

ಬೆಲೆ ಕಟ್ಟಿದ್ದಕ್ಕೆ ನಾನು ತಗೊಂಡದ್ದು ಐನೂರು. ಗುಜರಿಯವನು ಇಡೀ ಗಾಡಿಗೆ ಹೇಳಿದಷ್ಟೇ ಅಂತ ಮೇಡಂ ಚುಡಾಯಿಸಿದರು.

ಪಿ.ಟಿ. ಮೇಷ್ಟ್ರು ಗಾಡಿಯನ್ನು ಟೆಂಪೋದಲ್ಲಿ ಹಾಕಿಸಲು ಒಪ್ಪಲಿಲ್ಲ. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಸೈಕಲ್ ಬಿಡಲ್ಲ, ಸರ್ವಿಸ್ ರೋಡಿನಲ್ಲೇ ಹೋದರು. ಶ್ರೀರಂಗಪಟ್ಟಣ ದಾಟುವ ಮೊದಲೇ ಹಿಂದಿನ ಚಕ್ರದ ಒಂದು ಕಡ್ಡಿ ಟಣ್ ಅಂತು. ಫೋನ್ ಮಾಡಿದರು. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಹಿಂದಿನ ಬ್ರೇಕ್ ಸಡಿಲ ಮಾಡಿಕೊಂಡು ಮೆಲ್ಲಗೆ ಹೋಗಿ ಅಂದೆ. ಸಂಜೆ ಮಂಡ್ಯ ಸೇರಿ ಇನ್ನೊಂದು ಫೋನ್ ಮಾಡಿದರು. ಕಡ್ಡಿ ಅಲ್ಲೇ ಹಾಕಿಸುತ್ತಾರಂತೆ, 27ರ ಟ್ಯೂಬ್ ಮಾತ್ರ ಅಲ್ಲಿ ಸಿಗುತ್ತಿಲ್ಲವಂತೆ, ಎರಡು ತರಿಸಿಡಿ ಅಂದರು. ತರಿಸಿ ಗಲ್ಲಾ ಪೆಟ್ಟಿಗೆ ಕೆಳಗೆ ಇಟ್ಟಿದ್ದೇನೆ. ಇನ್ನೂ ಬಂದಿಲ್ಲ.